ಗುರುವಾರ ರಜೆ ಹಾಕುವ ರೊಟ್ಟಿ ಮಷೀನು

ಮಾರಾಟ ಬೆಳಗಿನ ಹನ್ನೊಂದಕ್ಕೆ ಶುರು ಎಂದು ಕಂಪನಿ ಸಾರಿತ್ತು. ನಾನು ಅದಕ್ಕಿಂತ ಮುಂಚೆಯೇ ಕರಜಗಿಯ ಪಂಚಾಯತಿ ಕಟ್ಟೆಯ ಮೇಲೆ, ಫೋನಿಗೆ ಸಿಗ್ನಲ್ ಚೆನ್ನಾಗಿ ಸಿಗುವ ಮೂಲೆ ಹಿಡಿದು ಕೂತಿದ್ದೆ. ಪಕ್ಕದಲ್ಲಿ ನಮ್ಮ ಬಚತ್ ಗಟದ ಅಧ್ಯಕ್ಷೆ. ಬಚತ್ ಗಟ ಎಂದರೆ ಗಡಿಯಾಚೆ ನೀವು ಸ್ವಸಹಾಯ ಸಂಘ ಅನ್ನುತ್ತೀರಲ್ಲ, ಅದೇ. ನಮ್ಮದು ಜೋಳದ ಖಡಕ್ ರೊಟ್ಟಿ ಮಾಡಿ ಸೋಲಾಪುರದ ಅಂಗಡಿಗಳಿಗೆ ಕಳಿಸುವ ಗಟ. ಸೋಲಾಪುರದಲ್ಲಿ ಕಾಲೇಜು ಮುಗಿಸಿ ಊರಿಗೆ ಮರಳಿದ ಮೇಲೆ ಅದರ ಆನ್‌ಲೈನ್ ಕೆಲಸವೆಲ್ಲ ನನ್ನ ತಲೆಗೆ ಬಂದಿತ್ತು: ಆರ್ಡರು, ಫೋನು, ಜಗಳ. ಮೂರನೆಯದನ್ನು ಯಾರೂ ಕೊಟ್ಟಿರಲಿಲ್ಲ, ನಾನೇ ತೆಗೆದುಕೊಂಡೆ. ಅಧ್ಯಕ್ಷೆಯನ್ನು ನಾನು ವೈನಿ ಅನ್ನುತ್ತೇನೆ. ಹುಡುಕಿದರೆ ಎಲ್ಲೋ ಅತ್ತಿಗೆಯ ಸಂಬಂಧ ಸಿಗುತ್ತದೆ.

ಕೊಳ್ಳಬೇಕಾದದ್ದು ಒಂದು ರೊಟ್ಟಿ ಮಷೀನು. ಉಂಡೆ ಇಟ್ಟರೆ ಮೇಲಿನ ತಟ್ಟೆ ತಾನೇ ಇಳಿದು ಒತ್ತಿ ರೊಟ್ಟಿ ಮಾಡುತ್ತದೆ, ಗೋಧಿಯಾಗಲಿ ಜೋಳವಾಗಲಿ. ಹೀಗೆಂದು ಕಂಪನಿಯ ವಿಡಿಯೊ ಹೇಳುತ್ತಿತ್ತು. ನಾನು ವಾದವಿವಾದ ಸ್ಪರ್ಧೆಗಳಲ್ಲಿ ಬೆಳೆದವಳು, ‘ಯಾವುದೇ ಆಗಲಿ’ ಎಂಬ ಮಾತು ಕೇಳಿದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಆದರೆ ಅನುಮಾನಪಡುತ್ತ ಕೂರುವ ಹೊತ್ತಲ್ಲ ಅದು. ಮಷೀನು ಬೇಕಾದದ್ದು ಕಾಕುಗೆ.

ಕಾಕು, ಅಂದರೆ ಚಿಕ್ಕಮ್ಮ, ನಮ್ಮ ಗಟದ ಹಿರಿಯಳು. ಗಂಡ ಪಟ್ಟಣಕ್ಕೆಂದು ಹೋದವನು ತಿರುಗಿ ಬರಲಿಲ್ಲ, ಅಂದಿನಿಂದ ರೊಟ್ಟಿ ಬಡಿದೇ ಒಬ್ಬಳೇ ಬದುಕು ಮಾಡಿದವಳು. ಈಗ ಬಲಭುಜ ಏಳುವುದಿಲ್ಲ. ಅಕ್ಕಲಕೋಟದ ಡಾಕ್ಟರು ಇನ್ನು ರೊಟ್ಟಿ ಬಡಿಯಬೇಡಿ ಎಂದಿದ್ದರು. ಗಟದ ರಿವಾಜು ಏನೆಂದರೆ, ಒಲೆ ಮುಂದೆ ಕೂತವರಿಗೆ ಪಾಲು. ಕೂರದಿದ್ದರೆ ಪಾಲಿಲ್ಲ. ಪಾಲಿಲ್ಲದಿದ್ದರೆ ಕಾಕು ಕುರನೂರಿನ ತಮ್ಮನ ಮನೆಗೆ ಹೋಗಬೇಕು. ತಮ್ಮ ಕರೆದಿದ್ದ ಕೂಡ. “ಅವ ಕರೀತಾನ. ಅವನ ಹೆಂಡ್ತಿ ಬಾಗಲದಾಗ ನಿಂತು ನೋಡತಾಳ” ಎಂದಿದ್ದಳು ಕಾಕು. ಅಷ್ಟೇ ಹೇಳಿ ಹಿಟ್ಟು ಜರಡಿ ಹಿಡಿಯತೊಡಗಿದ್ದಳು.

ಹನ್ನೊಂದಾಯಿತು. ಪರದೆಯ ಮೇಲೆ ಚಕ್ರ ತಿರುಗತೊಡಗಿತು.

“ಏನಂತದ?” ಎಂದರು ವೈನಿ.

“ತಿರಗಾಕತ್ತದ.”

“ಮಷೀನ?”

“ಇಲ್ಲರಿ ವೈನಿ, ಫೋನಿನ್ಯಾಗಿನ ಚಕ್ರ. ರೊಕ್ಕ ಹೋಗ್ಯಾದೋ ಇಲ್ಲೋ ಅದಕ್ಕೂ ಗೊತ್ತಿಲ್ಲ.”

ರೊಕ್ಕ ಹೋಗಿತ್ತು, ಆರ್ಡರು ಆಗಿರಲಿಲ್ಲ. ಸಂಜೆ ರೊಕ್ಕ ಮರಳಿ ಬಂತು. ಮರುದಿನ ಮತ್ತೆ ಪ್ರಯತ್ನಪಟ್ಟಾಗ ನಮ್ಮ ಪಿನ್ ಕೋಡಿಗೆ ಸೇವೆ ಇಲ್ಲ ಎಂದಿತು.

“ನಮ್ಮೂರ ಇಲ್ಲಂತೇನ?”

“ಅವರ ಪಾಲಿಗಿ ಇಲ್ಲರಿ.”

“ಮತ್ತ ವೋಟಿಗಿ ಹೆಂಗ ಸಿಗತದ?” ಎಂದು ವೈನಿ ನನ್ನನ್ನೇ ಕಂಪನಿಯವಳು ಎಂಬಂತೆ ನೋಡಿದರು.

ಸೋಲಾಪುರದ ವಿಜಾಪುರ ರಸ್ತೆಯಲ್ಲಿರುವ ನನ್ನ ಮಾವಶಿಯ, ಅಂದರೆ ಅವ್ವನ ತಂಗಿಯ, ಮನೆಯ ವಿಳಾಸ ಹಾಕಿದೆ. ಆರ್ಡರು ಹತ್ತಿತು. ಕೊಟ್ಟ ತಾರೀಖಿಗೆ ಬರಲಿಲ್ಲ. ಮುಂದಿನ ತಾರೀಖು ಕೊಟ್ಟರು, ಅದಕ್ಕೂ ಬರಲಿಲ್ಲ. ಕೊನೆಗೆ ನಾವು ಕೇಳುವುದನ್ನು ಬಿಟ್ಟ ಮೇಲೆ ಒಂದು ದಿನ ಮಾವಶಿ ಫೋನು ಮಾಡಿ, “ನಿಮ್ಮದೊಂದ ಡಬ್ಬಾ ಬಂದದ, ಬಾಗಲಾ ತೆಗ್ಯಾಕ ಬರವಲ್ದು” ಎಂದಳು. ಬಾಗಿಲಿಗೆ ಅಡ್ಡಲಾಗಿ ಇಟ್ಟು ಹೋಗಿದ್ದರು.

ಎಸ್‌ಟಿ ಬಸ್ಸಿನಲ್ಲಿ ಅದನ್ನು ತಂದೆ. ಕಂಡಕ್ಟರು ಡಬ್ಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಇದಕ್ಕ ತಿಕೀಟ ಆಗತದ ನೋಡ ತಂಗಿ” ಎಂದ. ಸೀಟಿನ ಮೇಲೆ ಕೂತಿಲ್ಲವಲ್ಲ, ಕಾಲಡಿ ಇದೆಯಲ್ಲ, ಸಾಮಾನು ಎಂದರೆ ಯಾವ ತೂಕದಿಂದ ಸಾಮಾನು ಎಂದೆಲ್ಲ ನಾನು ವಾದ ಹೂಡಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು ತಿಕೀಟು ಹರಿದು ಕೊಟ್ಟ. “ಸೀಟಿನ ಮ್ಯಾಲ ಅದನ್ನ ಕೂಡಸಿದ್ದರ ಛಲೋ ಆಗತಿತ್ತು. ನಿನ್ನಕಿಂತ ಸುಮ್ಮ ಕೂಡತಿತ್ತು” ಎಂದ. ಹಿಂದಿನ ಸೀಟಿನವರು ನಕ್ಕರು. ಆ ವಾದದಲ್ಲಿ ನಾನು ಸೋತೆ ಎಂದು ಈಗಲೂ ಒಪ್ಪುವುದಿಲ್ಲ.

ಅಂದು ಗುರುವಾರ. ಅಕ್ಕಲಕೋಟದ ಸುತ್ತಲಿನ ಊರುಗಳಲ್ಲಿ ಗುರುವಾರಕ್ಕಿಂತ ಒಳ್ಳೆಯ ದಿನವಿಲ್ಲ, ಅಲ್ಲಿಯ ಸ್ವಾಮಿಗಳ ವಾರ ಅದು. ವೈನಿಯ ಅಂಗಳದ ತಗಡಿನ ಪತ್ರಾಸಿನ ಕೆಳಗೆ ಮಷೀನು ಕೂರಿಸಿ, ವಿಡಿಯೊದಲ್ಲಿ ಹೇಳಿದಂತೆ ಎಲ್ಲ ಜೋಡಿಸಿ ಕಾಕುಗೆ ಉಂಡೆ ಇಡಲು ಹೇಳಿದೆ. ತಟ್ಟೆ ಇಳಿಯಿತು, ಎದ್ದಿತು. ಕೆಳಗೆ ರೊಟ್ಟಿ ಇತ್ತು. ಅಂಚು ಎರಡು ಕಡೆ ಸೀಳಿತ್ತು, ಆದರೂ ರೊಟ್ಟಿಯೇ. ಮೊದಲ ರೊಟ್ಟಿಯನ್ನು ನೈವೇದ್ಯಕ್ಕೆ ತೆಗೆದಿಟ್ಟು, ಆಮೇಲೆ ಪೂಜೆ ಮಾಡಿ, ಕಾಯಿ ಒಡೆದು, ಆ ದಿನಕ್ಕೆ ಅಲ್ಲಿಗೇ ಮುಗಿಸಿದರು. ಹೊಸ ಸಾಮಾನಿನಿಂದ ಮೊದಲ ದಿನವೇ ದುಡಿಸಿಕೊಳ್ಳಬಾರದಂತೆ. ಇದು ಯಾವ ಶಾಸ್ತ್ರ ಎಂದು ನಾನು ಕೇಳಿದೆ. ಪ್ರಸಾದ ತಿನ್ನು ಎಂದರು.

ಮರುದಿನ ಮಷೀನು ನಡುವೆ ನಡುವೆ ನಿಂತಿತು. ತಟ್ಟೆ ಅರ್ಧ ಇಳಿದು, ಏನೋ ನೆನಪಾದವರ ಹಾಗೆ ನಿಂತುಬಿಡುತ್ತಿತ್ತು. ಸ್ವಿಚ್ಚು ಆರಿಸಿ ಹಚ್ಚಿದರೆ ನಡೆಯುವುದು, ಮತ್ತೆ ನಿಲ್ಲುವುದು. ಶನಿವಾರದ ಹೊತ್ತಿಗೆ ಸರಿಹೋಯಿತು. ಮುಂದಿನ ವಾರದ ಮೊದಲ ಮೂರು ದಿನ ಚೆನ್ನಾಗಿ ನಡೆಯಿತು, ಗುರುವಾರ ಮತ್ತೆ ಕೈಕೊಟ್ಟಿತು. ಅದರ ಮುಂದಿನ ಗುರುವಾರವೂ ಅದೇ ಕಥೆ. ಗಟದಲ್ಲಿ ಇದೊಂದು ಚೇಷ್ಟೆಯ ಮಾತಾಯಿತು. “ಇವತ್ತ ಗುರುವಾರ, ಮಷೀನಕ್ಕ ಉಪಾಸ” ಎಂದು ಒಬ್ಬಳೆಂದರೆ, “ಉಪಾಸ ಅಲ್ಲವಾ, ಸುಟಿ. ಸರಕಾರಿ ಮಷೀನ ಇರಬೇಕದು” ಎಂದು ಇನ್ನೊಬ್ಬಳು. ವೈನಿ ಮಾತ್ರ ನಗುತ್ತಿರಲಿಲ್ಲ. ಅವರಿಗೆ ಅದರಲ್ಲಿ ಒಂದಿಷ್ಟು ನಂಬಿಕೆಯೇ ಬಂದಿತ್ತು ಅನಿಸುತ್ತದೆ. ವಾರ ನೋಡಿ ಕೆಡುವ ಯಂತ್ರ ಜಗತ್ತಿನಲ್ಲಿಲ್ಲ ಎಂದು ನಾನು ಹೇಳಿದೆ. “ಹಂಗಾರ ನೀನೇ ಹೇಳು, ಯಾಕ ನಿಲ್ಲತದ?” ಎಂದರು. ವಾರದ ಲೆಕ್ಕ ನನಗೂ ಸರಿಯಾಗಿಯೇ ಕಾಣುತ್ತಿತ್ತು. ನಂಬದೆ ಇರುವುದು ಸುಲಭ, ಕಾರಣ ಸಿಗದೆ ಕೂರುವುದು ಕಷ್ಟ.

ಅಷ್ಟರಲ್ಲಿ ಕಂಪನಿಯಿಂದ ವಿಡಿಯೊ ಕರೆ ಬಂತು. ಮೊದಮೊದಲ ಗಿರಾಕಿಗಳ ಅಭಿಪ್ರಾಯ ಕೇಳುತ್ತಿದ್ದಾರಂತೆ. ಬಹಳ ನಯವಾದ ಹುಡುಗ, ಮರಾಠಿಯಲ್ಲಿ ಮಾತಾಡುತ್ತಿದ್ದ. ನಾನು ಫೋನನ್ನು ಎಲ್ಲರಿಗೂ ಕಾಣುವಂತೆ ಹಿಟ್ಟಿನ ಡಬ್ಬಿಗೆ ಆನಿಸಿಟ್ಟೆ. ಮಷೀನು ಹೇಗಿದೆ ಎಂದು ಅವನು ಕೇಳಿದ್ದೇ ತಡ, ಎಲ್ಲರಿಗಿಂತ ಮೊದಲು ಕಾಕುವೇ, “ಛಾನ ಆಹೆ, ಛಾನ ಆಹೆ” ಎಂದಳು, ಚೆನ್ನಾಗಿದೆ ಅಂತ. ಮಿಕ್ಕವರೂ ಅದನ್ನೇ ಹೇಳಿದರು. ವೈನಿ ಅವನ ಊಟವಾಯಿತೇ ಎಂದು ಕೇಳಿದರು. ಒಬ್ಬಳು ಅವನಿಗೆ ಮದುವೆಯಾಗಿದೆಯೇ ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಎಲ್ಲರಿಗೂ ಧನ್ಯವಾದ ಹೇಳಿ ಕರೆ ಕತ್ತರಿಸಿದ್ದ. ಸಂಜೆ ಒಂದು ಸಂದೇಶ: ನಿಮ್ಮ ಗಟ ನಮಗೆ ಅತಿ ಹೆಚ್ಚು ನಕ್ಷತ್ರ ಕೊಟ್ಟಿದೆ, ಕೃತಜ್ಞರು.

“ಯಾಕ ಹಂಗ ಹೇಳಿದಿ ಕಾಕು?” ಎಂದೆ.

“ಮತ್ತೇನ ಹೇಳಲಿ?”

“ನಿಲ್ಲತದ, ಅಂಚ ಸೀಳತಾವ. ಖರೇ ಇದ್ದದ್ದ ಹೇಳಬೇಕಲಾ.”

“ಪಾಪ, ಅಷ್ಟ ದೂರಿಂದ ಕೇಳಾಕತ್ತಿತ್ತು ಹುಡುಗ. ಮಾರಿ ನೋಡಿಯಿಲ್ಲ, ಉಂಡಂಗ ಕಾಣಿಸಲಿಲ್ಲ. ಹಂತವನ ಮುಂದ ನಿನ್ನ ಸಾಮಾನ ಕೆಟ್ಟದ ಅಂತ ಹೆಂಗ ಅನ್ನೂದು?”

ಅದರ ಹಿಂದೆ ಇನ್ನೊಂದು ಕಾರಣವಿತ್ತು. ಅದು ನನಗೆ ಆಮೇಲೆ ತಿಳಿಯಿತು. ಮಷೀನು ತನ್ನ ಸಲುವಾಗಿ ಬಂದದ್ದು, ಎಲ್ಲರ ರೊಕ್ಕ ಹಾಕಿ ತಂದದ್ದು. ತಾನೇ ಅದನ್ನು ಕೆಟ್ಟದ್ದು ಅಂದರೆ ಗಟದ ಉಪಕಾರವನ್ನು ಕೆಟ್ಟದ್ದು ಅಂದ ಹಾಗೆ. ಕೆಟ್ಟದ್ದು ಎಂದು ತೀರ್ಮಾನವಾಗಿ ಅದು ವಾಪಸು ಹೋದರೆ ತನ್ನ ಗಂಟೂ ಕಟ್ಟಬೇಕು. ಹೀಗಾಗಿ ಛಾನ ಆಹೆ.

ನನಗೆ ಸಿಟ್ಟು ಬಂದಿತ್ತು. ಆ ರಾತ್ರಿಯ ಊಟಕ್ಕೆ ಮುಂಚೆಯೇ ಕಂಪನಿಗೆ ಒಂದು ಪತ್ರ ಬರೆದೆ. ಸ್ಪರ್ಧೆಯಲ್ಲಿ ಎದುರು ಪಕ್ಷವನ್ನು ಮಲಗಿಸುವ ಹಾಗೆ ಬರೆದೆ: ನೀವು ಹೇಳಿದ್ದು ಇದು, ಕೊಟ್ಟದ್ದು ಇದು, ನಡುವಿನ ಅಂತರಕ್ಕೆ ಪ್ರಾಮಾಣಿಕ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ನಾನು ವಿವರಿಸಬೇಕಾಗಿಲ್ಲ. ಇಂಥವೇ ವಾಕ್ಯಗಳು. ಬೆಳಿಗ್ಗೆ ವೈನಿಗೆ ಓದಿ ಹೇಳಿದೆ. ಅವರು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಕೇಳಿದರು.

“ಛಲೋ ಬೈದೀ.”

“ಬೈದಿಲ್ಲರಿ, ಮುದ್ದೆ ಇಟ್ಟೀನಿ.” ಮುದ್ದೆ ಎಂದರೆ ನಮ್ಮ ಕಡೆ ವಾದದ ಅಂಶ, ಮರಾಠಿಯಿಂದ ಬಂದದ್ದು.

“ಇದನ್ನ ಓದಿ ಅವ ಏನ ಮಾಡಬೇಕು? ಅಳಬೇಕೋ, ಮಷೀನ ದುರಸ್ತ ಮಾಡಬೇಕೋ?”

ಕಳಿಸುವುದನ್ನು ತಡೆದದ್ದು ಆ ಪ್ರಶ್ನೆಯಲ್ಲ. ನಾನೇ ಎದುರು ಪಕ್ಷದಲ್ಲಿ ಕೂತು ನೋಡಿದೆ. ಅವರು ಒಂದೇ ಮಾತು ಹೇಳಿದರೆ ಸಾಕಿತ್ತು: ತಾಯಿ, ನಿಮ್ಮವರೇ ಎಲ್ಲ ಚೆನ್ನಾಗಿದೆ ಎಂದಿದ್ದಾರೆ, ರೆಕಾರ್ಡು ಇದೆ. ಅಲ್ಲಿಗೆ ನನ್ನ ಪತ್ರ ಮುಗಿಯಿತು. ಇನ್ನೊಂದು ತೊಂದರೆ, ಮಷೀನು ಯಾವಾಗ, ಏಕೆ ನಿಲ್ಲುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಗುರುವಾರ ನಿಲ್ಲುತ್ತದೆ ಎಂದು ಬರೆದರೆ ನಗುತ್ತಾರೆ. ವಾಪಸು ಮಾಡಲು ಕಂಪನಿ ಕೊಟ್ಟಿದ್ದ ಅವಧಿಯೂ ಮುಗಿಯುತ್ತ ಬಂದಿತ್ತು.

ಹಾಗಾಗಿ ಮೊದಲು ತಿಳಿಯಬೇಕು ಎಂದುಕೊಂಡೆ. ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದೆ. ಮಷೀನು ಹೇಗಿದೆ ಎಂದರೆ ಉತ್ತರ ಅದೇ, ಛಲೋ ಅದ. ತೊಂದರೆ ಏನು ಎಂದರೂ ಏನಿಲ್ಲ. ಎರಡು ದಿನ ಹೀಗೆ ಕಳೆದ ಮೇಲೆ, ಏನೂ ತೋಚದೆ, ಕಾಕುವಿನ ಪಕ್ಕ ಕೂತು ಬೇರೆ ಥರ ಕೇಳಿದೆ: “ಉಂಡಿ ಇಡೂಕಿಂತ ಮೊದಲ ಏನೇನ ಮಾಡ್ತಿ?”

ಬಾಯಿ ಬಿಚ್ಚಿಬಿಟ್ಟಳು. “ಎಸರ ಜರಾ ಜಾಸ್ತಿ ಹಾಕಿ ನಾದತೀನಿ, ಇಲ್ಲಂದ್ರ ಅಂಚ ಸೀಳತಾವ. ಪ್ಲಾಸ್ಟಿಕ ಒಂದ ಕೊಟ್ಟಾರ, ನಾ ಎರಡ ಹಾಕತೀನಿ. ತಟ್ಟಿ ಭಾಳ ಜೋರ ಬೀಳತದಲಾ, ಅದಕ್ಕ ಹಿಂದ ಒಂದ ಅರವಿ ಸುತ್ತೀನಿ, ನೀ ನೋಡಿಲ್ಲ. ನಿಂತಿತಂದ್ರ ಹಿಂಗ ಮಗ್ಗಲಿಗಿ ಒಂದ ಬಡೀತೀನಿ. ಹಣಿ ಒರಸತೀನಿ. ಆಮ್ಯಾಲ ನಡೀತದ.”

ಇಷ್ಟೂ ದಿನ ನಾನು ಕೇಳುತ್ತಿದ್ದದ್ದು ತೀರ್ಪು. ತೀರ್ಪು ಕೊಡಲು ಯಾರಿಗೂ ಇಷ್ಟವಿರಲಿಲ್ಲ. ಮಾಡಿದ ಕೆಲಸ ಹೇಳಲು ಎಲ್ಲರಿಗೂ ಇಷ್ಟ. ಉಳಿದವರನ್ನೂ ಹಾಗೇ ಕೇಳಿದೆ. ಒಬ್ಬಳು ಉಂಡೆಯನ್ನು ಮೊದಲೇ ಕೈಯಲ್ಲಿ ಅರ್ಧ ತಟ್ಟಿ ಇಡುತ್ತಿದ್ದಳು, ಒಬ್ಬಳು ತಟ್ಟೆಗೆ ಎಣ್ಣೆ ಸವರುತ್ತಿದ್ದಳು. ಅಂಚಿನ ವಿಷಯ ತಿಳಿಯಾಯಿತು. ಗೋಧಿ ಹಿಟ್ಟಿಗೆ ಎಳೆ ಇದೆ, ಒತ್ತಿದರೆ ಹಿಗ್ಗುತ್ತದೆ. ಜೋಳಕ್ಕೆ ಎಳೆಯಿಲ್ಲ, ನಿಧಾನ ಒತ್ತಿದರೆ ಹರಡುತ್ತದೆ, ಜೋರಾಗಿ ಒತ್ತಿದರೆ ಸೀಳುತ್ತದೆ. ಮಷೀನಿಗೆ ಒಂದೇ ವೇಗ, ಅದು ಗೋಧಿಯ ವೇಗ. ಇದು ಕಂಪನಿಯ ತಪ್ಪು, ಸಾಬೀತು ಮಾಡಬಹುದಾದ ತಪ್ಪು. ನನಗೆ ಖುಷಿಯಾಯಿತು.

ಆದರೆ ಕಾಕುವಿನ ಮಾತಿನ ಒಂದು ತುಂಡು ತಲೆಯಲ್ಲಿ ಉಳಿದಿತ್ತು. “ಹಣಿ ಒರಸತೀನಿ ಅಂದೆಲಾ, ಯಾರ ಹಣಿ?”

“ಮಷೀನಂದು.”

“ಮಷೀನಕ್ಕ ಎಲ್ಲಿ ಹಣಿ?”

ತೋರಿಸಿದಳು. ಮೇಲಿನ ತಟ್ಟೆ ಹಿಡಿದ ಕೈಯ ಮುಂಭಾಗದಲ್ಲಿ ಎರಡು ದೊಡ್ಡ ತಿರುಪು ಮೊಳೆ, ಅವುಗಳ ನಡುವೆ ಸ್ವಲ್ಪ ಮೇಲಕ್ಕೆ ಗುಂಡಗಿನ ಒಂದು ಕಪ್ಪು ಗಾಜು. ಎರಡು ಕಣ್ಣು, ಒಂದು ಹಣೆ. ಒಮ್ಮೆ ಹಾಗೆ ನೋಡಿದರೆ ಮತ್ತೆ ಬೇರೆ ಥರ ಕಾಣುವುದೇ ಇಲ್ಲ. ಆ ಕಪ್ಪು ಗಾಜಿನ ಒಂದು ಬದಿಯಲ್ಲಿ ಕೆಂಪು ಕಲೆ ಇನ್ನೂ ಹತ್ತಿಕೊಂಡಿತ್ತು. ಪ್ರತಿ ಗುರುವಾರ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಅರಿಶಿನ ಕುಂಕುಮ ಏರುತ್ತಿದ್ದದ್ದು ಅಲ್ಲಿಗೇ.

ಕಂಪನಿಯ ಕೈಪಿಡಿ ತೆಗೆದೆ. ಲಾಂಚಿನ ವಿಡಿಯೊದಲ್ಲಿ ಆ ಗಾಜು ಪಕ್ಕದಲ್ಲಿತ್ತು. ನಮಗೆ ಬಂದ ಮಷೀನಿನಲ್ಲಿ ಮುಂದಕ್ಕೆ ತಂದಿದ್ದರು, ಕೈಪಿಡಿಯಲ್ಲಿ ಚಿತ್ರ ಬದಲಿಸಿರಲಿಲ್ಲ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ತಟ್ಟೆಯ ಕೆಳಗೆ ಕೈ ಬಂದರೆ ಯಂತ್ರ ತಾನೇ ನಿಲ್ಲುವಂತೆ ಸುರಕ್ಷತಾ ಕಣ್ಣು ಅಳವಡಿಸಲಾಗಿದೆ.

ಗಾಜನ್ನು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿ ಮಷೀನು ಹಚ್ಚಿದೆ. ಮಧ್ಯಾಹ್ನದವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ ಬೆರಳಿಗೆ ಕುಂಕುಮ ತೆಗೆದುಕೊಂಡು, ಪೂಜೆಯಲ್ಲಿ ಇಡುವ ಹಾಗೇ ಇಟ್ಟೆ. ಬಿಸಿ ಹಿಟ್ಟಿನ ಹಬೆ ತಾಗಿ ಕುಂಕುಮ ಗಾಜಿನ ಮೇಲೆ ಹರಡಿತು. ತಟ್ಟೆ ಅರ್ಧಕ್ಕೆ ನಿಂತಿತು. ಒರೆಸಿದೆ, ನಡೆಯಿತು. ಮತ್ತೆ ಇಟ್ಟೆ, ಮತ್ತೆ ನಿಂತಿತು. ಅಂದು ಮಂಗಳವಾರ. ನನಗೆ ಕುಣಿಯಬೇಕು ಅನಿಸಿತು. ಸುತ್ತ ನಿಂತವರು ಮಾತ್ರ ವೈನಿಯ ಮುಖ ನೋಡಿದರು.

“ಅಂದ್ರ ಪೂಜಾ ಮಾಡಿದ್ದ ತಪ್ಪಂತೀಯೇನ?” ಎಂದರು ವೈನಿ.

“ಪೂಜಾ ಅಲ್ಲರಿ. ಜಾಗಾ.”

“ಹಣಿ ಬಿಟ್ಟು ಮತ್ತೆಲ್ಲಿ ಹಚ್ಚತಾರ, ಕಾಲಿಗೇನ?”

ನಿಜವಾದ ಜಗಳ ಆಗ ಶುರುವಾಯಿತು. ಪತ್ರದಲ್ಲಿ ಕುಂಕುಮದ ವಿಷಯ ಬರೆಯಬೇಕೋ ಬೇಡವೋ. ಬೇಡವೇ ಬೇಡ ಎಂದರು ವೈನಿ. ಅವರ ವಾದ ಗಟ್ಟಿಯಾಗಿಯೇ ಇತ್ತು. ನಿಲ್ಲುವುದು ನಮ್ಮ ಕೈಯಿಂದ ಆದದ್ದು ಎಂದು ಒಪ್ಪಿಕೊಂಡರೆ, ಅಂಚು ಸೀಳುವುದೂ ನಿಮ್ಮ ಕೈಯಿಂದಲೇ ಎಂದು ಅವರು ಸಾಧಿಸುತ್ತಾರೆ. ಹಿಂದಕ್ಕೂ ತೆಗೆದುಕೊಳ್ಳುವುದಿಲ್ಲ, ದುರಸ್ತಿಯನ್ನೂ ಮಾಡುವುದಿಲ್ಲ. ಬರೀ ಅಂಚಿನ ವಿಷಯ ಬರೆ, ಇಲ್ಲವಾದರೆ ಒರೆಸಿ ವಾಪಸು ಕಳಿಸು, ರೊಕ್ಕವಾದರೂ ಬರಲಿ.

“ರೊಕ್ಕ ಬಂದ್ರ ಕಾಕು?” ಎಂದೆ.

ಕಾಕು ಹಿಟ್ಟಿನ ಪರಾತದ ಅಂಚಿಗೆ ಹತ್ತಿದ್ದನ್ನು ಉಗುರಿನಿಂದ ಕೆರೆಯುತ್ತಿದ್ದಳು.

ವಾದ ಕಲಿಸಿದ ಮೇಡಂ ನಮಗೊಂದು ಮಾತು ಹೇಳುತ್ತಿದ್ದರು: ನಿಮ್ಮ ಪಕ್ಷದಲ್ಲಿ ತೂತು ಇದ್ದರೆ ಎದುರಿನವರು ಬೆರಳಿಡುವ ಮೊದಲೇ ನೀವೇ ತೋರಿಸಿ, ಆಗ ಉಳಿದದ್ದನ್ನು ಅವರು ನಂಬುತ್ತಾರೆ. ಸ್ಪರ್ಧೆಗಳಲ್ಲಿ ಇದನ್ನು ನಾನು ಉಪಾಯವಾಗಿ ಬಳಸಿದ್ದೆ, ಬಹುಮಾನವೂ ಬಂದಿತ್ತು. ಅಲ್ಲಿ ಸೋತರೆ ಬಸ್ಸು ಹತ್ತಿ ಮನೆಗೆ ಬರುವುದು, ಅಷ್ಟೇ. ಇಲ್ಲಿ ಸೋತರೆ ಕಾಕು ಕುರನೂರಿನ ಬಸ್ಸು ಹತ್ತಬೇಕು. ಮೊದಲ ಸಲ ನನ್ನದೇ ವಾದದ ಮೇಲೆ ನನಗೆ ಪೂರ್ತಿ ಭರವಸೆ ಇರಲಿಲ್ಲ. ಆದರೂ ಹೇಳಿದೆ. ಮುಚ್ಚಿಟ್ಟು ಕಳಿಸಿದರೆ ಕಂಪನಿಯವರು ಬರೀ ಅರ್ಧ ತಿಳಿಯುತ್ತಾರೆ, ಅರ್ಧ ತಿಳಿದವರು ಅರ್ಧ ದುರಸ್ತಿ ಮಾಡುತ್ತಾರೆ ಎಂದೆ.

“ನಿನಗ ಮಾತಾಡಾಕ ಬರತದವಾ” ಎಂದರು ವೈನಿ. “ಅವರ ಇಲ್ಲಂದ್ರ?”

ಆಗ ಕಾಕು ಬಾಯಿ ತೆರೆದಳು. “ಬರಿ. ಗಟದ ಹೆಸರ ಹಾಕಬ್ಯಾಡ. ನನ್ನ ಹೆಸರ ಹಾಕು. ಹಚ್ಚಿದಾಕಿ ನಾ ಅದೀನಿ.”

“ಕಾಕು, ಅವರ ಹಿಂದಕ ತಗೊಳ್ಳಲಿಕ್ಕಿಲ್ಲ.”

“ತಗೊಂಡರ ನನಗೇನ ಬರೂದದ? ಮಷೀನ ಹೋಗತದ, ನಾನೂ ಹೋಗತೀನಿ. ಬರಿ ನೀ. ಬೈಬ್ಯಾಡ ಮತ್ತ. ಆ ಹುಡುಗಗ ತ್ರಾಸ ಆಗಬಾರದು.”

ಪತ್ರ ಹೊಸದಾಗಿ ಬರೆದೆ. ಬರೆಯುವಾಗ ಗಮನಕ್ಕೆ ಬಂದದ್ದು, ತೀರ್ಪು ಬಿಟ್ಟು ಕೆಲಸವನ್ನಷ್ಟೇ ಬರೆದರೆ ಪತ್ರ ತಾನಾಗಿ ಸೌಮ್ಯವಾಗುತ್ತದೆ. ನಯವಾದ ಪದ ಹುಡುಕಬೇಕಾಗಲಿಲ್ಲ. ಮರಾಠಿಯಲ್ಲಿ ಬರೆದದ್ದರ ಸಾರ ಹೀಗಿತ್ತು.

“ನಮಸ್ಕಾರ. ಕರೆಯಲ್ಲಿ ನಾವೆಲ್ಲ ಮಷೀನು ಚೆನ್ನಾಗಿದೆ ಎಂದೆವು. ನಮ್ಮ ಕಡೆ ಪರವೂರಿನವರು ಕೇಳಿದರೆ ಹಾಗೇ ಹೇಳುತ್ತೇವೆ, ದಯವಿಟ್ಟು ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಷೀನು ನಡುವೆ ನಿಲ್ಲುತ್ತಿತ್ತು. ಕಾರಣ ನಾವು. ಸುರಕ್ಷತಾ ಕಣ್ಣಿನ ಮೇಲೆ ಪ್ರತಿ ಗುರುವಾರ ಕುಂಕುಮ ಇಡುತ್ತಿದ್ದೆವು. ಕಣ್ಣು ಮುಂದೆ ಬಂದಿರುವುದು ಕೈಪಿಡಿಯ ಚಿತ್ರದಲ್ಲಿಲ್ಲ, ನೋಡಿದವರಿಗೆ ಅದು ಹಣೆಯಂತೆ ಕಾಣುತ್ತದೆ. ಇಟ್ಟಾಗ ನಿಲ್ಲುವುದು, ಒರೆಸಿದಾಗ ನಡೆಯುವುದು, ಎರಡರ ವಿಡಿಯೊ ಜೊತೆಗಿದೆ. ಎರಡನೆಯದು ನಮ್ಮಿಂದ ಆದದ್ದಲ್ಲ. ಜೋಳದ ರೊಟ್ಟಿಯ ಅಂಚು ಸೀಳುತ್ತದೆ. ತಟ್ಟೆ ಮೆಲ್ಲಗೆ ಇಳಿಯಲೆಂದು ನಮ್ಮ ಕಾಕು ಹಿಂದೆ ಬಟ್ಟೆ ಸುತ್ತಿದ್ದಾರೆ. ಬಟ್ಟೆ ಇದ್ದಾಗಿನ ರೊಟ್ಟಿ, ಇಲ್ಲದಾಗಿನ ರೊಟ್ಟಿ, ಎರಡರ ಚಿತ್ರವೂ ಇದೆ. ಬಟ್ಟೆಯಿಂದ ಮಷೀನಿಗೆ ಅಪಾಯವಿದ್ದರೆ ತಿಳಿಸಿ. ವೇಗ ಕಡಿಮೆ ಮಾಡುವ ದಾರಿ ಇದ್ದರೂ ತಿಳಿಸಿ. ಕಾಕು ಅವರ ಭುಜಕ್ಕೆ ಆಗುವುದಿಲ್ಲ, ಈ ಮಷೀನು ನಡೆದರೆ ಮಾತ್ರ ಅವರು ಕೆಲಸದಲ್ಲಿ ಉಳಿಯುತ್ತಾರೆ. ಇನ್ನೊಂದು, ನಿಮ್ಮ ವೆಬ್‌ಸೈಟಿನ ಪ್ರಕಾರ ನಮ್ಮ ಊರಿಗೆ ಸೇವೆ ಇಲ್ಲ. ಊರಿದೆ, ಬಸ್ಸೂ ಬರುತ್ತದೆ.”

ಕೊನೆಯ ಎರಡು ವಾಕ್ಯ ಅಳಿಸು ಎಂದರು ವೈನಿ. ಅಷ್ಟಾದರೂ ಇರಲಿ ಎಂದು ನಾನು ಕೈಮುಗಿದೆ. ಉಳಿಯಿತು.

ಉತ್ತರ ಬರುವವರೆಗೆ ಕಾಕು ದಿನವೂ ಕೇಳುತ್ತಿದ್ದಳು, ಆದರೆ ಪತ್ರದ ಬಗ್ಗೆ ಅಲ್ಲ. “ಆ ಹುಡುಗ ಫೋನ ಮಾಡ್ಯಾನೇನ? ಅರಾಮ ಅದಾನೇನ?” ಎನ್ನುತ್ತಿದ್ದಳು. ವಾಪಸು ಮಾಡುವ ಅವಧಿ ಆ ನಡುವೆ ಮುಗಿದುಹೋಯಿತು. ಆ ದಿನ ವೈನಿ ನನ್ನೊಂದಿಗೆ ಮಾತಾಡಲಿಲ್ಲ. ನಾನೂ ಬಾಯಿಗೆ ಬಂದದ್ದೆಲ್ಲ ನುಂಗಿಕೊಂಡು ಪ್ಯಾಕೆಟ್ಟುಗಳಿಗೆ ಚೀಟಿ ಅಂಟಿಸುತ್ತ ಕೂತೆ.

ಕೊನೆಗೆ ಫೋನು ಬಂದದ್ದು ಆ ಹುಡುಗನಿಂದಲ್ಲ, ಮಷೀನು ರೂಪಿಸಿದ ತಂಡದ ಒಬ್ಬ ಇಂಜಿನಿಯರ್ ಹೆಣ್ಣುಮಗಳಿಂದ. ಮೊದಲು ಅವಳು ನಕ್ಕಳು, ಆಮೇಲೆ ಕ್ಷಮೆ ಕೇಳಿದಳು, ಆಮೇಲೆ ಒಂದು ವಿಷಯ ಹೇಳಿದಳು. ನಡುವೆ ನಿಲ್ಲುತ್ತದೆ ಎಂದು ಬೇರೆ ಊರುಗಳಿಂದಲೂ ಮಷೀನುಗಳು ವಾಪಸು ಬಂದಿದ್ದವಂತೆ. ಅವರು ಬಿಚ್ಚಿ ನೋಡಿದರೆ ದೋಷವೇ ಸಿಗುತ್ತಿರಲಿಲ್ಲವಂತೆ.

“ಯಾಕ?” ಎಂದೆ, ಮರಾಠಿ ಬಿಟ್ಟು ಕನ್ನಡದಲ್ಲೇ.

ಅರ್ಥವಾಯಿತೋ ಏನೋ, ಉತ್ತರ ಕೊಟ್ಟಳು. ವಾಪಸು ಬಂದ ಮಷೀನಿಗೆ ಹಿಟ್ಟು ಹತ್ತಿರುತ್ತದೆ. ಅದಕ್ಕೆ ಅವರ ವರ್ಕ್‌ಶಾಪಿನಲ್ಲಿ ಮೊದಲು ಎಲ್ಲವನ್ನೂ ಚೊಕ್ಕ ಒರೆಸುತ್ತಾರೆ, ಆಮೇಲೆ ಪರೀಕ್ಷಿಸುತ್ತಾರೆ. ಇಷ್ಟು ದಿನ ದೋಷವನ್ನೇ ಒರೆಸಿ ಹಾಕಿ ದೋಷ ಹುಡುಕುತ್ತಿದ್ದರು. ಕಳಿಸಿದವರೂ ಒಳ್ಳೆಯ ಮನಸ್ಸಿನಿಂದ ಒರೆಸಿಯೇ ಕಳಿಸುತ್ತಿದ್ದರು. ಕುಂಕುಮ ಎಂದು ಯಾರೂ ಬರೆದಿರಲಿಲ್ಲ. ನಾವು ಒರೆಸಿ ಕಳಿಸಿದ್ದರೂ ಅದೇ ಆಗುತ್ತಿತ್ತು ಎಂದು ನಾನು ವೈನಿಗೆ ಸನ್ನೆ ಮಾಡಿದೆ. ಅವರು ನೋಡದವರಂತೆ ಫೋನಿನ ಕಡೆ ಬಾಗಿ, “ಹಣಿ ಎಲ್ಲಿ ಅಂತ ನೀವೇ ತೋರಸ್ರಿ ಬಾಯಿ, ಅಲ್ಲೇ ಹಚ್ಚತೀವಿ” ಎಂದರು. ನಾನು ಮರಾಠಿಗೆ ತಿರುಗಿಸಿದೆ. ಸ್ವಿಚ್ಚಿನ ಡಬ್ಬಿಯ ಮೇಲೆ ಹಚ್ಚಿರಿ ಎಂದಳು ಇಂಜಿನಿಯರ್. ಕೈಪಿಡಿಯಲ್ಲೂ ಹಾಗೆ ಬರೆಸುತ್ತೇನೆ ಎಂದಳು.

ಅಂಚಿನ ವಿಷಯದಲ್ಲಿ ಅವಳು ಅಷ್ಟು ಸಲೀಸಾಗಿ ಒಪ್ಪಲಿಲ್ಲ. ನಮ್ಮ ಪರೀಕ್ಷೆಯಲ್ಲಿ ಜೋಳ ಸರಿಯಾಗಿ ಬಂದಿದೆ ಎಂದಳು. ಯಾವ ಹಿಟ್ಟು, ಬಿಸಿನೀರೋ ತಣ್ಣೀರೋ, ಎಷ್ಟು ಅಗಲದ ರೊಟ್ಟಿ ಎಂದು ಒಂದೊಂದೇ ಕೇಳಿದೆ. ಮೂರನೆಯದಕ್ಕೆ ಅವಳು ತಡವರಿಸಿದಳು. ಅವರು ಮಾಡಿ ನೋಡಿದ್ದು ಪೂರಿಯಷ್ಟು ಸಣ್ಣದು. ಅಲ್ಲಿಗೆ ನಾನು ನಿಲ್ಲಿಸಿದೆ, ಗೆದ್ದೆ ಎಂದು ತೋರಿಸಿಕೊಳ್ಳಲಿಲ್ಲ. ಈ ಸಂಯಮಕ್ಕೆ ಬಹುಮಾನ ಕೊಡುವ ಸ್ಪರ್ಧೆ ಇಲ್ಲ. ಕೆಲವು ದಿನಗಳ ಮೇಲೆ ವೇಗ ಕಡಿಮೆ ಮಾಡುವ ಒಂದು ತಿರುಗಣೆ, ಹೊಸ ಕೈಪಿಡಿಯ ಪುಟ, ಎರಡೂ ಬಂದವು. ನೇರ ಕರಜಗಿಗೇ ಬಂದವು.

ತಿರುಗಣೆ ಹಾಕಿದ ಮೇಲೂ ರೊಟ್ಟಿ ಕಾಕು ಕೈಯಿಂದ ಬಡಿದಷ್ಟು ತೆಳ್ಳಗಾಗಲಿಲ್ಲ. ಇದನ್ನು ಹೇಳಲೇಬೇಕು. ಆದರೆ ಅಂಚು ಒಡೆಯುವುದು ನಿಂತಿತು, ಹಂಚಿನ ಮೇಲೆ ಉಬ್ಬಿತು, ಒಣಗಿದ ಮೇಲೆ ಮುರಿದರೆ ಸದ್ದು ಬಂತು. ವಿಜಾಪುರ ರಸ್ತೆಯ ಅಂಗಡಿಯವರು ಒಂದು ಕಟ್ಟು ಬಿಚ್ಚಿ ನೋಡಿ, ಇದೇ ನಡೆಯುತ್ತದೆ ಎಂದರು. ಗಟದ ಸಭೆಯಲ್ಲಿ ವೈನಿಯೇ ಹೇಳಿದರು, ಮಷೀನಿನ ಮುಂದೆ ಕೂತರೂ ಒಲೆ ಮುಂದೆ ಕೂತಂತೆಯೇ. ಯಾರೂ ವಾದಿಸಲಿಲ್ಲ. ನಾನೂ ವಾದಿಸಲಿಲ್ಲ. ಕಾಕು ಕುರನೂರಿನ ತಮ್ಮನಿಗೆ ಬಸ್ಸಿನಲ್ಲಿ ಒಂದು ಕಟ್ಟು ರೊಟ್ಟಿ ಕಳಿಸಿದಳು, ತಾನು ಹೋಗಲಿಲ್ಲ.

ತಿಂಗಳೊಪ್ಪತ್ತಾದ ಮೇಲೆ ಮತ್ತೆ ಆ ನಯವಾದ ಹುಡುಗನ ಕರೆ. ಹೊಸ ಭಾಗ ಹಾಕಿದ ಮೇಲೆ ಹೇಗಿದೆ ಎಂದು ಕೇಳಲು. ನಾನು ಅಂಗಳದ ಈ ತುದಿಯಲ್ಲಿ ನಿಂತಿದ್ದೆ. ಆ ತುದಿಯಲ್ಲಿ ಕಾಕು ನಮಗೆಲ್ಲ ಬೆನ್ನು ಮಾಡಿ ಮಷೀನಿನ ಮುಂದೆ ಕೂತು, ಎಡಗೈಯಿಂದ ಉಂಡೆ ಇಡುತ್ತ, ಅದರ ಜೊತೆ ಮಾತಾಡುತ್ತಿದ್ದಳು.

“ಇಳಿ. ಇಳೀಲಾ, ಯಾರ ದಾರಿ ನೋಡಾಕತ್ತಿ? ಕರೆಂಟ ಮಾತ್ರ ಎಮ್ಮಿ ನೀರ ಕುಡದಂಗ ಕುಡೀತಿ, ಕೆಲಸ ಅಂದ್ರ ಮೈಗಳ್ಳ. ನೋಡ, ಇದ ಮಗ್ಗಲಾ ದಪ್ಪಾತು. ನಿನ್ನೆ ಅಷ್ಟ ಹೇಳೀನಿ, ಮೂಲಿಯಾಗ ಜರಾ ಒತ್ತಂತ. ಹಟಮಾರಿ ಅದೀ ನೀ. ನಿನ್ನ ಮಾಡಿದಾಕಿ ಶ್ಯಾಣೇಕಿ ಇರಬೇಕು, ನೀ ಯಾರಂಗ ಆಗೀ ಏನೋ. ಹಾಂ, ಇದ ಬರಾಬರ ಬಂತು. ಇದೊಂದ ಬಂತಂತ ಸೊಕ್ಕ ಮಾಡಬ್ಯಾಡ ಮತ್ತ.”

ನಾಲ್ಕು ತಿಂಗಳಲ್ಲಿ ಅವಳು ಅದನ್ನು ಬೈದದ್ದು ನಾನು ಕೇಳಿರಲಿಲ್ಲ. ಈಗ ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ.

“ತಾಯಿ, ಹೇಗಿದೆ ಮಷೀನು?” ಎಂದು ಹುಡುಗ ಇನ್ನೊಮ್ಮೆ ಕೇಳಿದ.

ಒಂದು ನಿಮಿಷ, ಬರೆದುಕೊಳ್ಳಿ ಎಂದು ಹೇಳಿ, ನಾನು ಫೋನನ್ನು ಕಾಕುವಿನ ಕಡೆಗೆ ಹಿಡಿದೆ.